ನಳಕ್ಕ ಕಟ್ಟಿದ ಪೀಪಿ

ಹೋದ ತಿಂಗಳು ನನ್ನ ತಮ್ಮನ ಮಗಳ ಸಾಲ್ಯಾಗ ವಿಜ್ಞಾನ ಮೇಳ ಇತ್ತು. ಆಕಿ ಎಂಟನೇತ್ತ ಓದ್ತಾಳ. ತಮ್ಮ, ತಮ್ಮನ ಹೆಂಡ್ತಿ ಇಬ್ಬರೂ ಮೆಣಸಿನಕಾಯಿ ಬಿಡಿಸೋದ್ರಾಗ ಇದ್ರು. "ಅತ್ತಿ, ನೀನೇ ಬಾ" ಅಂದ್ಲು, ಹೋದೆ.

ಉದ್ದನ ಕೋಣಿ, ಎರಡೂ ಕಡಿ ಬೆಂಚು. ನಾ ಎಣಿಸಿದೆ ನೋಡ್ರಿ, ಏಳು ಜ್ವಾಲಾಮುಖಿ. ಎಲ್ಲಾ ಥರ್ಮಾಕೋಲಿನವು, ಎಲ್ಲಾ ಒಂದೇ ಅಂಗಡಿಯವು. ಮ್ಯಾಲ ಕೆಂಪು ಬಣ್ಣ, ಒಳಗ ಅಡಗಿ ಸೋಡಾ, ಅದಕ್ಕ ವಿನಿಗರ್ ಸುರುವಿದ್ರ ಬುಸ್ ಅಂತ ನೊರಿ ಬರ್ತದ. ನಮ್ಮ ಇಡೀ ಯಾದಗಿರಿ ಜಿಲ್ಲಾದಾಗ ಹುಡುಕಿದ್ರೂ ಒಂದು ಜ್ವಾಲಾಮುಖಿ ಸಿಗಂಗಿಲ್ಲ. ಆದ್ರ ನಮ್ಮ ಮಕ್ಕಳು ವರ್ಷಾ ಅದನ್ನೇ ಮಾಡ್ತಾರ. ಮಾಡ್ತಾರ ಏನು, ಕೊಂಡು ತರ್ತಾರ. ಒಬ್ಬ ಹುಡುಗನ್ನ ಕೇಳಿದೆ, "ಸೋಡಾ ಹೆಚ್ಚಾದ್ರ ಏನಾಗ್ತದಪ್ಪ?" ಅಂತ. ಅಂವ ಬಾಯಿಪಾಠ ಮಾಡಿದ್ದನ್ನ ಮೊದಲಿಂದ ಶುರು ಮಾಡಿದ. ನಡುವ ತಡದೆ, ಮತ್ತ ಮೊದಲಿಂದ ಶುರು ಮಾಡಿದ. ಪಾಪ, ಅಂವನ ತಪ್ಪಲ್ಲ ಬಿಡ್ರಿ.

ನಮ್ಮಾಕಿದೂ ಕೊಂಡು ತಂದದ್ದೇ, ಚಂದ್ರಯಾನ. ರೊಕ್ಕ ಕೊಟ್ಟಾಕಿ ನಾನೇ. ಅದಕ್ಕ ಎರಡನೇ ಬಹುಮಾನ ಬಂತು. ಆಕಿ ಕಪ್ ಹಿಡಕೊಂಡು ಬಂದು, "ಅತ್ತಿ, ಇದರಾಗ ನಾ ಏನೂ ಮಾಡಿಲ್ಲ, ಬರೇ ಫೆವಿಕಾಲ್ ಹಚ್ಚೀನಿ" ಅಂದ್ಲು. ನಗಬೇಕೋ ಅಳಬೇಕೋ ತಿಳೀಲಿಲ್ಲ. ಆ ರಾತ್ರಿ ನನಗ ನಿದ್ದಿ ಹತ್ತಲಿಲ್ಲ. ನನ್ನ ಮಗನ ಪೀಪಿ ನೆನಪಾತು.

ಓಣಿಯವರಿಗೆ ಆ ಪೀಪಿ ಕಥಿ ಗೊತ್ತದ. ದೂರದ ಅಕ್ಕತಂಗೇರಿಗೆ ಹೇಳ್ತೀನಿ ಕೇಳ್ರಿ. 2019ರ ಮಾತು, ಮಗ ಆಗ ಒಂಬತ್ತನೇತ್ತದಾಗ ಇದ್ದ. ಕಣ್ಣು ಬಿಟ್ರ ಬಸವಸಾಗರ, ಅಷ್ಟು ದೊಡ್ಡ ಕೃಷ್ಣಾ ಹೊಳಿ, ಆದ್ರ ನಮ್ಮ ನಳಕ್ಕ ನೀರು ಬರೋ ಹೊತ್ತಿಗೆ ಗೊತ್ತುಗುರಿ ಇರಲಿಲ್ಲ. ಒಮ್ಮೆ ರಾತ್ರಿ ಎರಡಕ್ಕ, ಒಮ್ಮೆ ನಸಿಕಿನ್ಯಾಗ ನಾಕಕ್ಕ. ನಾ ಕೊಡದ ಮಗ್ಗಲ ಮಲಗೋದು, ನಡುನಡುವ ಎದ್ದು ನಳ ತಿರುವಿ ನೋಡೋದು. ನೀರು ಬರೂದಕ್ಕಿಂತ ಮೊದಲು ಖಾಲಿ ಪೈಪಿನ್ಯಾಗಿನ ಗಾಳಿ ಸುಸ್ಸ್ ಅಂತ ಹೊರಗ ಬರ್ತದ, ನಮಗೆಲ್ಲ ಗೊತ್ತಿದ್ದದ್ದೇ. ಎಷ್ಟು ವರ್ಷ ಆ ಸಪ್ಪಳ ಕೇಳೀನಿ, ಅದರಿಂದ ಏನಾರ ಮಾಡಬಹುದು ಅಂತ ನನಗ ಒಂದು ದಿನಾನೂ ಹೊಳಿಲಿಲ್ಲ. ಮಗಗ ಹೊಳೀತು. ಜಾತ್ರ್ಯಾಗ ತಂದ ಪೀಪಿ, ಹಳೇ ಸೈಕಲ್ ಟ್ಯೂಬಿನ ತುಂಡು, ಎರಡೂ ಕೂಡಿಸಿ ನಳದ ಬಾಯಿಗೆ ದಾರದಿಂದ ಕಟ್ಟಿದ. ಗಾಳಿ ಬಂದ್ರ ಪೀಪಿ ಊದಬೇಕು, ಅವ್ವ ಏಳಬೇಕು, ಅದು ಅಂವನ ಹಂಚಿಕಿ.

ಮೊದಲ ರಾತ್ರಿ ಊದಿತು. ಆದ್ರ ಹಿಂದೇ ನೀರು ಬಂದು ಪೀಪಿ ಹಾರಿ ಮೋರ್ಯಾಗ ಬಿತ್ತು, ಟ್ಯೂಬು ಒಡೀತು. ಮರುದಿನ ಪೀಪಿನ ಮ್ಯಾಲ ಇಟ್ಟ, ನೀರು ಹರಿಯಾಕ ಕೆಳಗ ದಾರಿ ಮಾಡಿದ. ಗಾಳಿ ಮ್ಯಾಲ ಹೋಗ್ತದ, ನೀರು ಕೆಳಗ ಇಳೀತದ. ನಾಕು ದಿನ ಚೆಂದ ಆತು, ನಾನೂ ಮೊದಲ ಸಲ ಕಾಟಿನ ಮ್ಯಾಲ ಕಾಲು ಚಾಚಿ ಮಲಗಿದೆ. ಐದನೇ ದಿನ ಪೀಪಿ ಬ್ಯಾರೆ ನಮೂನಿ ದನಿ ಮಾಡಿತು, ಸಣ್ಣಗ, ಬೆಕ್ಕಿನ ಮರಿ ಅತ್ತಂಗ. ಎದ್ದು ನೋಡಿದ್ರ ನೀರಿಲ್ಲ. ಮರುದಿನಾನೂ ಹಂಗೇ. ಮಗ ಎರಡು ರಾತ್ರಿ ಎಚ್ಚರಿದ್ದು ಕಂಡು ಹಿಡದ: ಗಾಳಿ ಹೊರಗ ಬರೋದಲ್ಲ, ಒಳಗ ಎಳದುಕೊಳ್ಳಾಕತ್ತದ. ಅಂದ್ರ ಅದೇ ಸಾಲಿನ್ಯಾಗ ಯಾರೋ ನಳಕ್ಕ ಮೋಟರ್ ಹಚ್ಯಾರ. ಯಾರು ಅಂತ ನಾ ಹೇಳಂಗಿಲ್ಲ. ಅವರೇ ಬಂದು ಜಗಳ ತಗದ್ರು, "ನಿಮ್ಮ ಹುಡುಗನ ಪೀಪಿಯಿಂದ ಓಣಿಗೆ ನಿದ್ದಿ ಇಲ್ಲ" ಅಂತ.

ನನಗ ನಾಚಿಗಿ ಬಂತು. ಪೀಪಿ ಕಿತ್ತಿ ಅಟ್ಟದ ಮ್ಯಾಲ ಒಗದೆ. "ಓದೋದು ಬಿಟ್ಟು ಇಂಥಾ ಹುಚ್ಚಾಟ" ಅಂತ ಬೈದೆ. ಅಲ್ಲಿಗೇ ಮುಗದಿದ್ರ ಚಲೋ ಇತ್ತು.

ಮರುವರ್ಷ ಲಾಕ್‌ಡೌನ್ ಬಂತಲ್ಲ, 2020. ಎಲ್ಲಾರ ಕೈಯಾಗೂ ಮೊಬೈಲು, ಎಲ್ಲಾ ಗ್ರೂಪಿನ್ಯಾಗೂ ಮಂಡ್ಯದ ಹುಡುಗನ ವಿಡಿಯೊ. ಡ್ರೋನ್ ಪ್ರತಾಪ್. ನೀವೂ ಕಳಿಸೀರಿ, ನಾನೂ ಕಳಿಸೀನಿ, ಯಾಕ ಮುಚ್ಚಿಡೋದು? ಬಡ ರೈತನ ಮಗ, ಗುಜರಿ ಸಾಮಾನಿನಿಂದ ಆರುನೂರು ಡ್ರೋನ್ ಮಾಡ್ಯಾನಂತ, 87 ದೇಶದವರು ಕರದಾರಂತ, ಜಪಾನಿಗೆ ಹೋಗಿ ಬಂಗಾರದ ಪದಕ ಗೆದ್ದಾನಂತ. ಅಂವನ ಭಾಷಣ ಕೇಳಿ ನಾ ಸೆರಗಿನಿಂದ ಕಣ್ಣೊರಸಿಕೊಂಡೀನಿ. ಮಗನ್ನ ಕರದು ಮುಂದ ಕುಂದರಿಸಿ ತೋರಿಸಿದೆ. "ನೋಡು, ಹುಟ್ಟಿದ್ರ ಇಂಥಾ ಮಗ ಹುಟ್ಟಬೇಕು. ಅಂವ ಆಕಾಶದಾಗ ಹಾರಿಸ್ತಾನ, ನೀ ನಳಕ್ಕ ಪೀಪಿ ಕಟ್ಟತೀದಿ" ಅಂದೆ. ಮಗ ಒಂದು ಮಾತಾಡಲಿಲ್ಲ. ಅಟ್ಟ ಹತ್ತಿ ಪೀಪಿ ತಗೊಂಡು ಹೋದ. ಎಲ್ಲಿ ಒಗದನೋ ಇವತ್ತಿನ ತನಕ ಗೊತ್ತಿಲ್ಲ.

ಜುಲೈ ತಿಂಗಳಿಗೆ ಸುದ್ದಿ ತಿರುವು ಮುರುವು ಆತು. ಸುದ್ದಿಯ ಖರೆ ಸುಳ್ಳು ಪರೀಕ್ಷಾ ಮಾಡೋ ಮಂದಿ ಒಂದೊಂದೇ ಮಾತು ಹಿಡದು ವಿಚಾರಿಸಿದ್ರು. ಪದಕದ ಮಾತು ನಿಲ್ಲಲಿಲ್ಲ. ಫೋಟೊದಾಗ ಅಂವನ ಮಗ್ಗಲ ಇದ್ದ ದೊಡ್ಡ ಡ್ರೋನು ಜರ್ಮನಿ ಪ್ರದರ್ಶನದಾಗಿನ ಬ್ಯಾರೆ ಕಂಪನಿದು ಅಂತ ಆ ಕಂಪನಿಯವರೇ ಹೇಳಿದ್ರು. ಅಂವ ಟೀವಿಗೆ ಬಂದು ಸರ್ಟಿಫಿಕೇಟ್ ತೋರಿಸಿದ, ಆದ್ರ ಅಂವ ತಾನೇ ಕಟ್ಟಿದ ಡ್ರೋನು ನಮ್ಮ ಕಣ್ಣ ಮುಂದ ಹಾರಲಿಲ್ಲ. ಆಮ್ಯಾಲ ಅಂವ ಬಿಗ್ ಬಾಸ್‌ಗೆ ಹೋಗಿದ್ದು, 2024ರ ಜನವರಿದಾಗ ಎರಡನೇದವ ಆಗಿ ಬಂದಿದ್ದು ನಿಮಗ ನನಗಿಂತ ಚಲೋ ಗೊತ್ತದ.

ನಾ ಆ ಹುಡುಗನ್ನ ಬೈಯಾಕ ಈ ಮಾತು ತಗದಿಲ್ಲ. ಅಂವ ಇಪ್ಪತ್ತರ ಆಸುಪಾಸಿನ ಹುಡುಗ. ಆ ವಯಸ್ಸಿಗೆ ಚಪ್ಪಾಳಿ ರುಚಿ ಹತ್ತಿದ್ರ ಬಿಡೋದು ಕಷ್ಟ. ನಾ ಕೇಳೋದು, ಚಪ್ಪಾಳಿ ಹೊಡದವರು ಯಾರು ಅಂತ. ಮಠದಾಗ ಕರದ್ರು, ಕಾಲೇಜಿನ್ಯಾಗ ಕರದ್ರು, ಟೀವಿಯವರು ಕರದ್ರು, ಶಾಲು ಹೊದಿಸಿದ್ರು. ಒಬ್ಬರಾದ್ರೂ "ಅಪ್ಪಾ, ಒಂದು ಡ್ರೋನ್ ಇಲ್ಲೇ ಬಿಚ್ಚಿ ತೋರಿಸು, ಇದು ಯಾಕ ಹಾರ್ತದ ಹೇಳು" ಅಂದಿದ್ರ ಮೊದಲ ದಿನಾನೇ ಮುಗೀತಿತ್ತು. ಅಂವಗೂ ಅಷ್ಟು ದೂರ ಹೋಗಿ ಬೀಳೋದು ತಪ್ಪತಿತ್ತು. ನಾವು ಕೇಳಿದ್ದು ಪದಕ ಎಷ್ಟು, ದೇಶ ಎಷ್ಟು. ಕಾಯಿಪಲ್ಯ ಕೊಳ್ಳಾಕ ಹೋದ್ರ ಬದನಿಕಾಯಿ ತಿರುವಿ ಮುರುವಿ ಹುಳ ನೋಡತೀವಿ, ವಿಜ್ಞಾನ ಅಂದ್ರ ಕೈ ಮುಗಿತೀವಿ.

ಆ ಸುದ್ದಿ ಬಂದ ದಿನ ಮಗ ಊಟಕ್ಕ ಕುಂತಿದ್ದ. ತಲಿ ಎತ್ತದೇ ಒಂದೇ ಮಾತು ಅಂದ: "ಅವ್ವಾ, ಅಂವನ ಡ್ರೋನ್ ಹಾರಿದ್ದು ನೀ ನೋಡಿದ್ದೇನು? ನನ್ನ ಪೀಪಿ ಊದಿದ್ದು ಓಣಿ ಎಲ್ಲಾ ಕೇಳ್ಯಾರ."

ನನ್ನ ಹಂತ್ಯಾಕ ಉತ್ತರ ಇರಲಿಲ್ಲ. ಇವತ್ತಿಗೂ ಇಲ್ಲ. ಅಂವ ಈಗ ಐಟಿಐ ಮುಗಿಸಿ ಮೋಟರ್ ರಿವೈಂಡಿಂಗ್ ಕಲಿತಾನ, ಕೈ ಚಲೋ ಅದ ಅಂತಾರ. ಆದ್ರ ಆಮ್ಯಾಲ ಅಂವ ಮನ್ಯಾಗ ಏನು ಮಾಡಿದ್ರೂ ನನಗ ತೋರಿಸಿಲ್ಲ.

ಆ ಪೀಪಿ ಏನು ದೊಡ್ಡ ಶೋಧ ಅಂತ ನಾ ಹೇಳಂಗಿಲ್ಲ. ಆದ್ರ ಒಂದು ಮಾತು. ನಮ್ಮ ನಾರಾಯಣಪುರ ಎಡದಂಡಿ ಕಾಲುವಿ ರಿಪೇರಿ ಮಾಡಿ ಹೊಸಾ ಗೇಟು ಕುಂದರಿಸಿದ್ರಲ್ಲ, 2023ರ ಜನವರಿ 19ಕ್ಕ ಪ್ರಧಾನಮಂತ್ರಿ ಕೊಡೇಕಲ್ಲಿಗೆ ಬಂದು ಉದ್ಘಾಟನಾ ಮಾಡಿದ್ರು. ಬಿಸಲಾಗ ಟ್ರ್ಯಾಕ್ಟರ್ ಹತ್ತಿ ಹೋದವರು ಎಷ್ಟು ಮಂದಿ ಇದ್ದೀರಿ. ಸ್ಕಾಡಾ ಅಂತಾರ ಅದಕ್ಕ. ಕಾಲುವ್ಯಾಗ ನೀರಿನ ಮಟ್ಟ ಎಷ್ಟದ ಅಂತ ಸೆನ್ಸರ್ ತಾನೇ ಅಳೀತದ, ಕಂಪ್ಯೂಟರಿಗೆ ತಿಳಿಸ್ತದ, ದೂರ ಕುಂತು ಗೇಟು ಏರಿಸಿ ಇಳಿಸ್ತಾರ. ನೀರು ಬಂದದ್ದು ನೀರೇ ಹೇಳಬೇಕು ಅನ್ನೋದೇ ಅದರ ಬುಡದಾಗಿನ ವಿಚಾರ. ನನ್ನ ಮಗನ ವಿಚಾರಾನೂ ಅದೇ ಇತ್ತು. ಸಾವಿರಾರು ಕೋಟಿದ್ದು ಯೋಜನಾ, ಐದು ರೂಪಾಯಿದ್ದು ಪೀಪಿ. ಅಷ್ಟೇ ಫರಕು ಅಂತ ಹೇಳಿದ್ರ ನಗತೀರಿ, ನಗ್ರಿ.

ಅಬ್ದುಲ್ ಖಾದರ್ ನಡಕಟ್ಟಿನ ಅನ್ನೋರ ಹೆಸರು ಕೇಳೀರಿ? ಧಾರವಾಡ ಜಿಲ್ಲಾ ಅಣ್ಣಿಗೇರಿಯವರು. 2022ರಾಗ ಪದ್ಮಶ್ರೀ ಬಂತು ಅವರಿಗೆ. ಅದಕ್ಕಿಂತ ಮೊದಲು 2015ರಾಗ ರಾಷ್ಟ್ರೀಯ ನಾವೀನ್ಯ ಪ್ರತಿಷ್ಠಾನದ ಜೀವಮಾನ ಪ್ರಶಸ್ತಿ ರಾಷ್ಟ್ರಪತಿ ಭವನದಾಗ ಕೊಟ್ಟಾರ. ದೊಡ್ಡ ಕಾಲೇಜು ಕಲಿತವರಲ್ಲ, ಒಕ್ಕಲತನದ ಮನಿತನದವರು, ಮುಂದ ಓದಬೇಕಂದ್ರೂ ಆಗಲಿಲ್ಲ. ಅವರ ಮೊದಲ ಶೋಧ ಏನು ಗೊತ್ತೇನ್ರಿ? ಸಣ್ಣಾವರಿದ್ದಾಗ ಮುಂಜಾನಿ ಎದ್ದೇಳಾಕ ಆಗತಿರಲಿಲ್ಲಂತ, ಗಡಿಯಾರ ಬಡಕೊಂಡ್ರೂ ಬಂದ್ ಮಾಡಿ ಮಲಗತಿದ್ರಂತ. ಅಲಾರಂ ಬಡಿಯೋವಾಗ ಗಡಿಯಾರದ ಹಿಂದಿನ ಕೀಲಿ ತಿರಗತದಲ್ಲ, ಆ ಕೀಲಿಗೆ ಒಂದು ದಾರ ಕಟ್ಟಿದ್ರು, ದಾರದ ಇನ್ನೊಂದು ತುದಿಗೆ ನೀರು ತುಂಬಿದ ಬಾಟ್ಲಿ. ಕೀಲಿ ತಿರಗಿದಂಗ ದಾರ ಸುತ್ತಿಕೊಂಡು ಬಾಟ್ಲಿ ಬಾಗಿ ನೀರು ಸೀದಾ ಮಾರಿ ಮ್ಯಾಲ! ಇದನ್ನ ಓದಿದ ದಿನ ನಾ ಒಬ್ಬಾಕೀನೇ ಕುಂತು ನಕ್ಕೆ, ಆಮ್ಯಾಲ ಹೊಟ್ಟ್ಯಾಗ ಕಲಸಿದಂಗ ಆತು. ನಮ್ಮ ಮನ್ಯಾಗಿದ್ದಿದ್ರ ನಾ ಆ ಬಾಟ್ಲಿ ಎಲ್ಲಿ ಒಗಿತಿದ್ದೆ ಅಂತ ನನಗ ಗೊತ್ತದ.

ದೊಡ್ಡವರಾದ ಮ್ಯಾಲ ಅವರು ನೀರಿಲ್ಲದ ಹೊಲದಾಗ ಹುಣಸಿ ಗಿಡ ಹಚ್ಚಿದ್ರು. ಹುಣಸಿ ಅಂದ್ರ ಹೊಲದ ಬದುವಿನ್ಯಾಗ ಇರೋ ಗಿಡ, ಹೊಲ ತುಂಬ ಯಾರು ಹಚ್ಚತಾರ? ಮಂದಿ "ಹುಣಸಿ ಹುಚ್ಚ" ಅಂತ ಹೆಸರಿಟ್ರು. ಗಿಡ ಫಲ ಬಿಟ್ವು, ಆಗ ಬ್ಯಾರೆ ತ್ರಾಸ ಎದ್ದಿತು. ಹಣ್ಣು ಬಡದು, ನಾರು ತಗದು, ಬೀಜ ಬಿಡಸಾಕ ಆಳು ಬೇಕು, ಅದು ಎಷ್ಟು ಕುಂತ್ರೂ ಮುಗಿಯಂಗಿಲ್ಲ. ನಮಗ ಹೇಳಬೇಕೇನು ಅದನ್ನ? ಶಿವರಾತ್ರಿ ಮುಗೀತಂದ್ರ ನಮ್ಮ ಓಣಿ ಕಟ್ಟಿ ಮ್ಯಾಲ ಅದೇ ಕೆಲಸ. ಬೆರಳ ಸಂದಿ ಹುಳಿಯಿಂದ ಸುಲಿದು ಉರೀತಿರತಾವ, ಉಗುರು ಕರ್ರಗ ಆಗಿರತಾವ, ರಾತ್ರಿ ಸಾರಿನ್ಯಾಗ ಕೈ ಅದ್ದಾಕ ಆಗಂಗಿಲ್ಲ. ನಡಕಟ್ಟಿನ ಅವರು ಅದನ್ನ ನೋಡಿ, ತಿಂಗಳುಗಟ್ಟಲೆ ಗುದ್ದಾಡಿ, ಹುಣಸಿಹಣ್ಣಿನಿಂದ ಬೀಜ ಬ್ಯಾರೆ ಮಾಡೋ ಯಂತ್ರ ಕಟ್ಟಿದ್ರು. ಆಮ್ಯಾಲ ಬಿತ್ತೋದಕ್ಕೊಂದು, ಕಬ್ಬು ನೆಡೋದಕ್ಕೊಂದು, ಕಡಿಮಿ ಕಟ್ಟಿಗ್ಯಾಗ ನೀರು ಕಾಸೋ ಬಾಯ್ಲರ್, ಹಿಂಗ ಒಂದರ ಹಿಂದ ಒಂದು.

ಇಲ್ಲಿ ನನಗೊಂದು ಮಾತು ಕಾಡ್ತದ. ಹುಣಸಿ ಬೀಜ ಬಿಡಿಸೋರು ನೂರಾರು ವರ್ಷದಿಂದ ನಾವು, ಹೆಣ್ಣಮಕ್ಕಳು. ಕೈ ಉರಿದದ್ದು ನಮ್ಮದು. ನಮಗ್ಯಾಕ ಹೊಳಿಲಿಲ್ಲ? ಬುದ್ಧಿ ಇಲ್ಲ ಅಂತೀರೇನು? ಮಳಿಗಾಲದಾಗ ಹಪ್ಪಳ ಒಣಗಿಸೋದು, ಹುಳ ಬೀಳದಂಗ ಜೋಳ ಇಡೋದು, ಇವಕ್ಕೆಲ್ಲ ಹಂಚಿಕಿ ಹಾಕಿದವರು ಯಾರು? ನಮ್ಮವ್ವ ಕಾಳಿನ ಗಡಿಗ್ಯಾಗ ಬೇವಿನ ತಪ್ಪಲ, ಬೂದಿ ಹಾಕಿ ಬಾಯಿ ಮೆತ್ತಿ ಇಡತಿದ್ಲು, ಮುಂದಿನ ಬಿತ್ತಿಗಿ ತನಕ ಒಂದು ಕಾಳು ಕೆಡತಿರಲಿಲ್ಲ. ಅದನ್ನ ಯಾರೂ ಶೋಧ ಅನ್ನಲಿಲ್ಲ, ಅಡಗಿ ಮನಿ ಕೆಲಸ ಅಂದ್ರು. ಅದಿರಲಿ. ಕಬ್ಬಿಣ ಕೊಯ್ಯೋದು, ವೆಲ್ಡಿಂಗ್ ಮಾಡೋದು ನಮ್ಮ ಕೈಗೆ ಯಾರೂ ಕೊಡಲಿಲ್ಲ. ಮಿಕ್ಸರ್ ಕೆಟ್ರ ಬಿಚ್ಚಾಕ ಹೋದ ಹುಡುಗನ್ನ "ಚುರುಕದಾನ" ಅಂತೀವಿ, ಹುಡುಗಿ ಹೋದ್ರ "ಶಾಕ್ ಹೊಡದೀತು, ಕಡೀಕ ಸರಿ" ಅಂತೀವಿ. ಶಾಕು ಇಬ್ಬರಿಗೂ ಹೊಡೀತದ. ಪ್ಲಗ್ ತಗದು ಬಿಚ್ಚು ಅಂತ ಹೇಳಿಕೊಟ್ರ ಇಬ್ಬರಿಗೂ ಹೊಡಿಯಂಗಿಲ್ಲ.

ಕೆಲವರು ಹಿಂಗಂತಾರ, "ಎಲ್ಲಾರೂ ವಿಜ್ಞಾನಿ ಆಗ್ತಾರೇನು? ಮಾರ್ಕ್ಸ್ ಬರಲಿ ಸಾಕು" ಅಂತ. ಅವರ ಮಾತು ತಳ್ಳಿ ಹಾಕಂಗಿಲ್ಲ ನಾ. ಪಿಯುಸಿಗೇ ಓದು ಬಿಟ್ಟ ನನಗ ಮಾರ್ಕ್ಸಿನ ಬೆಲಿ ಗೊತ್ತದ. ಬೇಕು, ಅದೂ ಬೇಕು. ಇನ್ನ ಕೆಲವರು ಇದಕ್ಕ ತಿರುವು, ಮಕ್ಕಳು ಏನು ಹೇಳಿದ್ರೂ "ವಾ ವಾ, ನಮ್ಮ ಕಲಾಂ" ಅಂತ ವಿಡಿಯೊ ಮಾಡಿ ಹಾಕತಾರ. ಪೆಟ್ರೋಲ್ ಇಲ್ಲದ ಗಾಡಿ, ಕರೆಂಟ್ ಇಲ್ಲದ ಲೈಟು, ದಿನಾ ಒಂದು ಬರ್ತಾವ ಮೊಬೈಲಿಗೆ. ಹೊಸ ಹಾದಿ ಹಿಡದ ವಿಚಾರ ಎಲ್ಲಾ ಖರೆ ಇರಬೇಕಂತಿಲ್ಲ. ಬಹಳಷ್ಟು ಸುಳ್ಳೇ ಇರತಾವ. ಹುಚ್ಚ ಅಂತ ಬೈಯೋದು, ಕಲಾಂ ಅಂತ ಎತ್ತಿ ಮೆರಿಸೋದು, ಎರಡೂ ನೋಡೋ ತ್ರಾಸ ತಪ್ಪಿಸಿಕೊಳ್ಳೋದೇ. ನಾ ಎರಡೂ ಮಾಡೀನಿ, ಒಂದೇ ಮನ್ಯಾಗ, ಆರು ತಿಂಗಳ ಒಳಗ. ಮಾಡಬೇಕಾದದ್ದು ಮೂರನೇದು: ಮಗ್ಗಲ ಕುಂತು, "ತೋರಿಸು, ನಡದದ್ದೆಲ್ಲಿ? ಕೆಟ್ಟದ್ದೆಲ್ಲಿ?" ಅಂತ ಕೇಳೋದು. ಅದಕ್ಕ ಇಂಜಿನಿಯರಿಂಗ್ ಓದಬೇಕಿಲ್ಲ. ರೊಟ್ಟಿ ಯಾಕ ಉಬ್ಬಲಿಲ್ಲ ಅಂತ ಸೊಸಿಯನ್ನ ಕೇಳಾಕ ಬರ್ತದಲ್ಲ, ಹಂಗೇ ಇದು.

ಕೆಟ್ಟದ್ದೆಲ್ಲಿ ಅನ್ನೋದನ್ನ ನಾವು ಕೇಳೋದೇ ಇಲ್ಲ. ನಮ್ಮಾಕಿಯ ಚಂದ್ರಯಾನಕ್ಕ ಬಹುಮಾನ ಬಂತಲ್ಲ, "ಇದಕ್ಕಿಂತ ಮೊದಲಿನದು ಯಾಕ ಬಿತ್ತು?" ಅಂತ ಯಾರೂ ಕೇಳಲಿಲ್ಲ. 2019ರ ಸೆಪ್ಟೆಂಬರ್‌ದಾಗ ವಿಕ್ರಮ್ ಲ್ಯಾಂಡರ್ ಚಂದ್ರನ ಹತ್ರ ಹೋಗಿ ಬಿತ್ತು, ಇಸ್ರೋ ಅಧ್ಯಕ್ಷರು ಅತ್ತದ್ದನ್ನ ನಾವೆಲ್ಲ ಟೀವ್ಯಾಗ ನೋಡೀವಿ, ನಾವೂ ಅತ್ತೀವಿ. ಅಲ್ಲಿಗೇ ನಮ್ಮ ನೆನಪು ಮುಗೀತು. ಅವರು ಏನು ಕೆಟ್ಟಿತು ಅಂತ ಕುಂತು ಲೆಕ್ಕ ಹಾಕಿದ್ರು. ಮುಂದಿನದಕ್ಕ ಕಾಲು ಗಟ್ಟಿ ಮಾಡಿದ್ರು, ಇಂಧನ ಹೆಚ್ಚು ತುಂಬಿದ್ರು, ಇಳಿಯೋ ಜಾಗ ಎಷ್ಟೋ ಪಟ್ಟು ಅಗಲ ಹಿಡದ್ರು. ಎಲ್ಲಿ ತಪ್ಪೀತು ಅನ್ನೋದನ್ನೇ ಮುಂದಿಟ್ಟುಕೊಂಡು ಕಟ್ಟೀವಿ ಅಂತ ಅವರೇ ಹೇಳಿದ್ರು. 2023ರ ಆಗಸ್ಟ್ 23ಕ್ಕ ಇಳೀತು. ಅಂಗಡಿ ಚಂದ್ರಯಾನ ಒಮ್ಮೆನೂ ಬೀಳಂಗಿಲ್ಲ, ಫೆವಿಕಾಲ್ ಹಚ್ಚಿರತದಲ್ಲ.

ಇಷ್ಟು ದೂರ ಯಾಕ, ನಮ್ಮ ಹುಣಸಗಿ ಮಗ್ಗಲ ಇಸಾಂಪುರ ಅದ. ನನ್ನ ತವರಮನಿ ಆ ಕಡೇದೇ. ಸಣ್ಣವಿದ್ದಾಗ ಅಲ್ಲಿ ಪುಣೆಯ ಡೆಕ್ಕನ್ ಕಾಲೇಜಿನವರು ಬಂದು ಕಲ್ಲು ಆರಸತಾರ ಅಂತ ಕೇಳತಿದ್ವಿ. ಪದ್ದಯ್ಯ ಅಂತ ದೊಡ್ಡ ವಿದ್ವಾಂಸರು, ವರ್ಷಗಟ್ಟಲೆ ನಮ್ಮ ಹುಣಸಗಿ, ಬೈಚಬಾಳ ಸೀಮಿ ತಿರಗ್ಯಾರ. "ಕಲ್ಲಿನ ಹುಚ್ಚರು" ಅಂತ ನಗತಿದ್ರು ಊರವರು. ಅವರು ಇಸಾಂಪುರದಾಗ ಕಂಡು ಹಿಡದದ್ದು ಆದಿ ಮಾನವರ ಕಲ್ಲಿನ ಕೊಡಲಿ ಮಾಡೋ ಕಾರಖಾನಿ! ಸುಮಾರು 12 ಲಕ್ಷ ವರ್ಷ ಹಳೇದು ಅಂತ ಲೆಕ್ಕ ಬಂದದ. ಅಲ್ಲಿ ಪೂರಾ ಆದ ಕೊಡಲಿ ಅಷ್ಟೇ ಸಿಕ್ಕಿಲ್ಲ, ಅರ್ಧಕ್ಕ ಬಿಟ್ಟ ಕಲ್ಲು, ಬಡಿಯೋ ಕಲ್ಲು, ಸಿಡಿದ ಚಕ್ಕಿ, ಎಲ್ಲಾ ಬಿದ್ದಲ್ಲೇ ಬಿದ್ದಿದ್ವು. ಅವರು ಹೆಂಗ ಮಾಡತಿದ್ರು ಅಂತ ಗೊತ್ತಾಗಿದ್ದು ಆ ಚಕ್ಕಿ, ಆ ಅರ್ಧ ಕಲ್ಲಿನಿಂದ. ನಮ್ಮ ನೆಲದ ಮೊದಲಿನ ವಿಜ್ಞಾನ ಮೇಳ ಅದು ಅಂತೀನಿ ನಾ. ನಮ್ಮ ಮಕ್ಕಳನ್ನ ಅಲ್ಲಿಗೆ ಒಮ್ಮೆಯಾದ್ರೂ ಕರಕೊಂಡು ಹೋಗೀವೇನು? ಛಾಯಾ ಭಗವತಿಗೆ ಹೋಗತೀವಿ, ತಿಂಥಣಿ ಜಾತ್ರಿಗೆ ಹೋಗತೀವಿ, ಇಸಾಂಪುರ ಹಾದಿ ಮಗ್ಗಲ ಇದ್ರೂ ಗಾಡಿ ನಿಲ್ಲಸಂಗಿಲ್ಲ.

ವಯಸ್ಸಿನ ಮಾತು ಒಂದು ಅದ. "ಇಷ್ಟು ಸಣ್ಣ ಹುಡುಗರು ಏನು ಮಾಡ್ಯಾರು?" ಅಂತ. ಕುರುಡರು ಬೆರಳಿನಿಂದ ಓದೋ ಬ್ರೈಲ್ ಲಿಪಿ ಮಾಡಿದ ಲೂಯಿ ಬ್ರೈಲ್‌ಗೆ ಆಗ ಹದಿನೈದು ವರ್ಷ, 1824ರ ಮಾತು. ಫ್ರಾನ್ಸಿನ ಹುಡುಗ, ಅಪ್ಪ ಕುದುರಿ ಜೀನು ಹೊಲಿಯಾಂವ. ಮೂರು ವರ್ಷದವ ಇದ್ದಾಗ ಅಪ್ಪನ ದಬ್ಬಣ ಹಿಡದು ಆಡಾಕ ಹೋಗಿ ಕಣ್ಣಿಗೆ ಚುಚ್ಚಿಕೊಂಡು, ಆ ನಂಜು ಇನ್ನೊಂದು ಕಣ್ಣಿಗೂ ಏರಿ ಕುರುಡಾದ. ಫ್ರಾನ್ಸಿನ ದಂಡಿನ ಒಬ್ಬ ಸಾಹೇಬ ಹನ್ನೆರಡು ಚುಕ್ಕಿದ ಬರಹ ಮಾಡಿದ್ದ. ಅದು ಬೆರಳ ತುದಿಗೆ ಹಿಡಿಯಂಗಿಲ್ಲ, ದೊಡ್ಡದು. ಈ ಹುಡುಗ ಆರು ಚುಕ್ಕಿಗೆ ಇಳಿಸಿದ. ಅಷ್ಟೇ. ಅಷ್ಟೇ ಅಂದ್ರ ಎಷ್ಟು ನೋಡ್ರಿ. ಅಂವನ ಸಾಲಿ ಅದನ್ನ ಪೂರಾ ಒಪ್ಪಿಕೊಂಡದ್ದು 1854ಕ್ಕ, ಅಂವ ಸತ್ತು ಎರಡು ವರ್ಷ ಆಗಿತ್ತು. ಅಲ್ಲಿತನಕ ಅದನ್ನ ಉಳಿಸಿದವರು ಸಾಲಿ ಹುಡುಗರೇ. ಅವರು ಓದಿ ನೋಡಿದ್ರು, ಓದಾಕ ಬಂತು, ಬಿಡಲಿಲ್ಲ.

ನಮ್ಮ ಮಕ್ಕಳಿಗೂ ದಾರಿ ಅದಾವ, ಗೊತ್ತಿಲ್ಲದೇ ಕುಂತೀವಿ. ಇನ್‌ಸ್ಪೈರ್ ಮಾನಕ್ ಅಂತ ಕೇಂದ್ರ ಸರ್ಕಾರದ್ದು ಒಂದು ಯೋಜನಾ ಅದ. ಆರನೇತ್ತದಿಂದ ಹನ್ನೆರಡನೇತ್ತದ ಮಕ್ಕಳು ತಮ್ಮದೇ ವಿಚಾರ ಬರದು ಕೊಟ್ರ ಸಾಲಿಯವರು ಕಳಸತಾರ, ಒಂದು ಸಾಲಿಯಿಂದ ಐದು ಕಳಸಬಹುದು. ಆರಿಸಿದ್ರ ಮಾದರಿ ಮಾಡಾಕ ಹತ್ತು ಸಾವಿರ ರೂಪಾಯಿ ಮಗುವಿನ ಖಾತೆಗೇ ಬರ್ತದ. ಸರ್ಕಾರಿ ಸಾಲಿ ಮಕ್ಕಳಿಗೂ ಅದ, ಹೆಣ್ಣಮಕ್ಕಳಿಗೂ ಅದ. ಸಾಲಿಗೆ ಹೋದಾಗ ಮಾಸ್ತರರನ್ನ ಒಂದು ಮಾತು ಕೇಳ್ರಿ. ಒಂದೇ ಬೇಡಿಕಿ ನಂದು, ಆ ಹತ್ತು ಸಾವಿರದಾಗ ಮತ್ತ ಅಂಗಡಿ ಜ್ವಾಲಾಮುಖಿ ಕೊಂಡು ತರಬ್ಯಾಡ್ರಿ.

ನನ್ನ ತಮ್ಮನ ಮಗಳಿಗೆ ಮೇಳ ಮುಗಿದ ಮ್ಯಾಲ ಕೇಳಿದೆ, "ನಿನಗ ಖರೆ ಏನು ಮಾಡಬೇಕಂತ ಅದ?" ಅಂತ. ಸ್ವಲ್ಪ ಹೊತ್ತು ಸುಮ್ಮನಿದ್ಲು. ಆಮ್ಯಾಲ ಅಂದ್ಲು, "ಅವ್ವ ಮೆಣಸಿನಕಾಯಿ ತೊಟ್ಟು ಮುರದು ಮುರದು ಬರ್ತಾಳ, ರಾತ್ರಿ ಕೈ ಉರಿ ಅಂತ ಎಣ್ಣಿ ಹಚ್ಚಿಕೊಂಡು ಅಳತಾಳ. ತೊಟ್ಟು ಮುರಿಯಾಕ ಏನಾರ ಮಾಡಬೇಕು."

ಎರಡು ವಾರ ಆತು. ಹಳೇ ಹಣಗಿ, ಎರಡು ಹ್ಯಾಕ್ಸಾ ಬ್ಲೇಡು, ಒಂದು ಹಲಗಿ ಇಟ್ಟುಕೊಂಡು ಕುಂದರತಾಳ. ಹಣಗಿ ಹಲ್ಲು ಮೊದಲ ದಿನಾನೇ ಮುರದ್ವು. ಬ್ಲೇಡಿನ ಸಂದ್ಯಾಗ ತೊಟ್ಟು ಸಿಗಿಸಿ ಎಳದ್ರ ಕೆಲವು ಚೆಂದ ಬಿಡತಾವ, ಕೆಲವು ಕಾಯಿ ಒಡದು ಬೀಜ ಚೆಲ್ಲತಾವ. ಒಡದ ಕಾಯಿಗೆ ಬಜಾರದಾಗ ರೇಟ್ ಇಲ್ಲ, ಅದಕ್ಕ ಆಕಿಯವ್ವ ಬೈದ್ಲು. ನಾ ಒಂದು ಕಿಲೊಕ್ಕ ರೊಕ್ಕ ಕೊಟ್ಟು, ಇದರಾಗ ನೋಡಲಿ ಬಿಡು ಅಂದೀನಿ. ಹತ್ತರಾಗ ಎಷ್ಟು ಒಡದ್ವು ಅಂತ ದಿನಾ ವಹಿ ಒಳಗ ಬರದು ಇಡತಾಳ. ಮೊದಲು ಆರು ಇದ್ದದ್ದು ಈಗ ನಾಕಕ್ಕ ಬಂದದ. ಮೊನ್ನೆ ನನ್ನ ಮಗ ಕೆಲಸದಿಂದ ಬಂದು ಬಾಗಲದಾಗ ನಿಂತು ನೋಡಿದ, "ಬ್ಲೇಡಿನ ಹಲ್ಲು ಸಾಣಿ ಹಿಡದು ಸಪಾಟ ಮಾಡು, ಕಾಯಿ ಹರಿಯೋದು ಅದಕ್ಕ" ಅಂದ. ಒಳಗ ಬರಲಿಲ್ಲ, ಹೋದ. ಮರುದಿನ ಹಲಗಿ ಮ್ಯಾಲ ಸಾಣಿ ಹಿಡದ ಬ್ಲೇಡು ಎರಡು ಇದ್ವು.

ಇನ್ನೂ ನಾಕು ಒಡೀತಾವ. ಒಡದ ಕಾಯಿ ಎಲ್ಲಾ ನನ್ನ ಮನಿಗೇ ಬರ್ತಾವ. ಕೆಂಪು ಚಟ್ನಿ ಎರಡು ಭರಣಿ ಆಗ್ಯಾದ, ಬೇಕಾದವರು ಡಬ್ಬಿ ತಗೊಂಡು ಬರ್ರಿ.